ಬುರುಲ್ ಅತ್ತೆಯ ಸೆಪ್ಟೆಂಬರ್

ಅತ್ತೆಯ ಹೆಸರಿಗೆ ‘ತಿರುಗು’ ಎಂದರ್ಥ.
ಮೂರೂ ಹೆಣ್ಣಾದವೆಂದು ಅಜ್ಜ ಇಟ್ಟದ್ದು,
ಅದೃಷ್ಟ ಮಗ್ಗುಲು ಬದಲಿಸಲಿ, ಮುಂದಿನದು ಗಂಡಾಗಲಿ ಎಂದು.
ಮುಂದಿನದು ನನ್ನಪ್ಪ.
ಕೆಲಸ ಮುಗಿಸಿದ ಹೆಸರನ್ನು ಹೊತ್ತುಕೊಂಡು ಅತ್ತೆ
ನರಿನ್ ನದಿಯ ಮೇಲ್ಕಣಿವೆಗೆ ಹೋದಳು,
ಗಾಳಿಕೋಳಿ ಎತ್ತ ತಿರುಗಿತೆಂದು ಬರೆದಿಡುವ ಸರ್ಕಾರಿ ನೌಕರಿಗೆ.

ಮೂರು ಗಂಟೆಗೊಮ್ಮೆ. ಹಗಲೂ ಇರುಳೂ.
ಬಿಳಿ ಪೆಟ್ಟಿಗೆಯ ಜಾಲರಿ ಬಾಗಿಲು ತೆಗೆದು,
ಉಸಿರು ತಾಗದಂತೆ ಮುಖ ಆಚೆ ತಿರುಗಿಸಿ,
ಓರೆಗಣ್ಣಲ್ಲಿ ಪಾದರಸ ಓದಿ, ಪೆನ್ಸಿಲಿನಲ್ಲಿ ಬರೆದು.
ಶಾಯಿ ಹೆಪ್ಪುಗಟ್ಟುವ ಊರು ಅದು.

ನಾನು ಬಿಷ್ಕೆಕ್‌ನಲ್ಲಿ ನಕ್ಷೆ ಬರೆಯುವವಳು.
ಲೋಕದ ಹವೆಯನ್ನೆಲ್ಲ ಮೂರಕ್ಷರದಲ್ಲಿ ಕೂರಿಸಲು ಕಲಿತವಳು:
ಮೊದಲಕ್ಷರ ಚಳಿಗೆ, ನಡುವಿನದು ಮಳೆಗೆ,
ಕೊನೆಯದು, ಬೇಸಿಗೆ ಎಷ್ಟು ದಿನದ ನೆಂಟ ಎಂಬುದಕ್ಕೆ.
ನಮ್ಮ ಮೇಷ್ಟ್ರು ಒಪ್ಪುತ್ತಿರಲಿಲ್ಲ.
‘ಗಾಳಿ ಎಲ್ಲಿಂದ ಬಂತು, ಯಾರ ಮಗ, ಅದನ್ನು ಕೇಳು’ ಎನ್ನುವರು.
ಇನ್ನೊಂದು ಪುಸ್ತಕದಲ್ಲಿ ಹುಲ್ಲಿನ ಬಾಯಾರಿಕೆಯೇ ಅಳತೆ:
ಆಕಾಶ ಕೊಟ್ಟದ್ದೆಷ್ಟು, ಬೇರು ಕೇಳಿದ್ದೆಷ್ಟು, ಬಾಕಿ ಎಷ್ಟು.
ಒಂದೇ ಬೆಟ್ಟಕ್ಕೆ ಮೂರು ಜಾತಕ.

ಮೂವತ್ತು ವರ್ಷದ ಸರಾಸರಿಯನ್ನು ಹೊಸದಾಗಿ ತೆಗೆದೆವು.
ಅತ್ತೆಯ ಕಣಿವೆಯ ಸೆಪ್ಟೆಂಬರ್
ಒಂಬತ್ತು ಪಾಯಿಂಟ್ ಒಂಬತ್ತರಲ್ಲಿದ್ದದ್ದು
ಹತ್ತಕ್ಕೆ ಬಂದು ನಿಂತಿತು.
ಹತ್ತು ಮುಟ್ಟಿದ ತಿಂಗಳು ಮೂರಿದ್ದರೆ ‘ಸಿ’, ನಾಲ್ಕಾದರೆ ‘ಬಿ’.
ಅಷ್ಟೇ. ಪರದೆಯ ಮೇಲೆ ಎಂಟು ಚುಕ್ಕಿ
ಕಡುಬಣ್ಣ ಬಿಟ್ಟು ತಿಳಿನೀಲಿಯಾದವು.

ಫೋನಿನಲ್ಲಿ ಹೇಳಿದೆ, ತಮಾಷೆಯೆಂಬಂತೆ:
‘ಅತ್ತೆ, ನಿನ್ನ ಅಕ್ಷರ ಬದಲಾಯಿತು.’
ಆಚೆ ಸದ್ದಿಲ್ಲ. ಸಮೋವರ್ ಕುದಿಯುವುದು ಮಾತ್ರ ಕೇಳಿಸಿತು.

‘ತೊಂಬತ್ತನಾಲ್ಕು,’ ಎಂದಳು.
‘ಸಂಬಳದ ಬದಲು ಹಿಟ್ಟು ಕೊಡುತ್ತಿದ್ದ ವರ್ಷ.
ಸೆಪ್ಟೆಂಬರ್ ಹದಿನೇಳು, ರಾತ್ರಿ ಮೂರು.
ತಾಲಾಯ್‌ಗೆ ಜ್ವರ, ನನ್ನ ತೋಳಿನ ಮೇಲೆ ಆಗಷ್ಟೇ ಕಣ್ಣು ಮುಚ್ಚಿದ್ದ.
ನಾನು ಹೊರಗೆ ಹೋಗಲಿಲ್ಲ.
ಕಿಟಕಿಗೆ ಅಂಗೈ ಒತ್ತಿ ನೋಡಿ, ಆರು ಪಾಯಿಂಟ್ ಎರಡು ಎಂದು ಬರೆದೆ.
ಬೆಳಗ್ಗೆ ನೋಡಿದರೆ ಬಕೆಟ್ಟಿನ ನೀರು ಕಲ್ಲು.’

ಲೆಕ್ಕ ಹಾಕಿದೆ. ದಿನಕ್ಕೆ ಎಂಟು, ತಿಂಗಳಿಗೆ ಇನ್ನೂರ ನಲವತ್ತು,
ಮೂವತ್ತು ಸೆಪ್ಟೆಂಬರಿಗೆ ಏಳು ಸಾವಿರದ ಇನ್ನೂರು.
‘ನಿನ್ನ ಅಂಗೈ ಅದರಲ್ಲಿ ಏನೂ ಅಲ್ಲ, ಅತ್ತೆ.
ಗೆರೆ ದಾಟಿಸಿದ್ದು ನೀನಲ್ಲ.’
‘ಹಾಗಾದರೆ ಯಾರು?’

ಅದಕ್ಕೆ ನನ್ನ ಮೇಜಿನ ಮೇಲೆ ನಾನೂರು ಪುಟದ ವರದಿಯಿತ್ತು.
ಅವಳಿಗೆ ಓದಿ ಹೇಳಲು ಅದರಲ್ಲಿ ಒಂದು ಸಾಲು ಸಿಗಲಿಲ್ಲ.

ಅವಳೇ ಮಾತು ತಿರುಗಿಸಿದಳು.
ಕುರಿ ಕಾಯುವ ಕಲ್ಮುರ್ಜಾ ಸೆಪ್ಟೆಂಬರ್ ಎನ್ನುವುದೇ ಇಲ್ಲವಂತೆ.
ಅವನ ತಿಂಗಳುಗಳಿಗೆ ಜಿಂಕೆಯ ಹೆಸರು, ಕಾಡುಮೇಕೆಯ ಹೆಸರು.
ಚಳಿ ಬಿದ್ದರೆ ಪ್ರಾಣಿಗಳೂ ಮುಗಿದು ಬರೀ ಅಂಕಿ:
ಒಂಬತ್ತು ದಿನದ ಚಂದ್ರ ಕೃತ್ತಿಕೆಯನ್ನು ಕೂಡಿದರೆ ಒಂಬತ್ತರ ತಿಂಗಳು,
ಆಮೇಲೆ ಏಳರದು, ಐದರದು, ಮೂರರದು.
ಒಂದರಲ್ಲಿ ಕೂಡಿದರೆ ಚಳಿಯ ಸಾಲ ತೀರಿತು.
‘ಅವನ ಲೆಕ್ಕದಲ್ಲಿ ಸರಾಸರಿ ಇಲ್ಲ ನೋಡು.
ಈ ವರ್ಷದ ಚಂದ್ರ ಈ ವರ್ಷಕ್ಕೇ.’
ಆದರೆ ಕಳೆದ ಸಲ ಐದರಲ್ಲೇ ಹಿಮ ಕರಗಿ
ಅವನೂ ಬೆರಳು ಮಡಚಿ, ಬಿಚ್ಚಿ, ಮತ್ತೆ ಎಣಿಸುತ್ತಿದ್ದನಂತೆ,
ತಪ್ಪಿದ್ದೆಲ್ಲಿ ಎಂದು.

‘ಮೂರಾಯಿತು,’ ಎಂದಳು. ಫೋನು ಇಡಲಿಲ್ಲ.
ಬಾಗಿಲ ಕಿರ್ರು. ಬೂಟಿನಡಿ ಒಣಹುಲ್ಲು. ಜಾಲರಿಯ ಕೊಂಡಿ.
ಅವಳು ನಿವೃತ್ತಳಾಗಿ ಆರು ವರ್ಷ,
ಈಗ ಯಂತ್ರವೇ ಓದಿ ನನಗೆ ಕಳಿಸುತ್ತದೆ.
ಅವಳ ಉಸಿರು ಆಚೆ ತಿರುಗಿದ್ದು ಕೇಳಿಸಿತು.